ನಿಮ್ಮ ಡೆಬಿಟ್ ಯಾರ ಕ್ರೆಡಿಟ್?

(1/7)

"ನನಗೆ ಇಪ್ಪತ್ತು ವರ್ಷ ಇದ್ದಾಗ ಯಾರಾದ್ರೂ ಈ ಮಾತು ಹೇಳಿದ್ದಿದ್ರೆ..." ಅಂತ ಶುರುವಾಗೋ ರೀಲ್ ದಿನಕ್ಕೆ ಎಷ್ಟು ನೋಡ್ತೀರಿ? ನನ್ನ ಫೀಡ್‌ನಲ್ಲಂತೂ ನಾಲ್ಕು ರೀಲ್‌ಗೆ ಒಂದು. ಹಿಂದೆ ಒಂದು ಬಿಳಿ ಕಾರು (ಯಾರದ್ದೋ ಗೊತ್ತಿಲ್ಲ), ಮುಂದೆ ಒಬ್ಬ ಅಣ್ಣ, ಕಾಲರ್‌ಗೆ ಸಿಕ್ಕಿಸಿದ ಮೈಕು. ಕಾಫಿ ಬಿಡಿ, ಎಸ್‌ಐಪಿ ಹಾಕಿ, ಕೆಲಸಕ್ಕೆ ಹೋಗೋದು ಗುಲಾಮಗಿರಿ, ದುಡ್ಡು ನಿಮಗೋಸ್ಕರ ದುಡೀಬೇಕು. ಕೊನೇಲಿ ತಪ್ಪದೆ ಒಂದು ಸಾಲು: ಲಿಂಕ್ ಬಯೋದಲ್ಲಿದೆ.

ಈ ಏಳು ಪೋಸ್ಟ್‌ಗಳ ಜಗಳ ಪೂರ್ತಿ ಆ ಕೊನೇ ಸಾಲಿನ ಜೊತೆ.

ನಾವು ಕಾಮರ್ಸ್‌ನವರು. ಫಸ್ಟ್ ಪಿಯುಸಿಯಲ್ಲಿ ಅಕೌಂಟೆನ್ಸಿ ಬುಕ್ ತೆರೆದ ಮೊದಲ ವಾರದಲ್ಲೇ ತಲೆಗೆ ತುಂಬಿದ್ದು ಒಂದೇ ವಿಷಯ. ಪ್ರತಿ ಡೆಬಿಟ್‌ಗೂ ಅಷ್ಟೇ ಮೊತ್ತದ ಕ್ರೆಡಿಟ್ ಎಲ್ಲೋ ಇರಲೇಬೇಕು. ದುಡ್ಡು ಗಾಳಿಗೆ ಹಾರಿಹೋಗಲ್ಲ, ಒಂದು ಖಾತೆಯಿಂದ ಹೋದದ್ದು ಇನ್ನೊಂದು ಖಾತೆಗೆ ಬಂದಿರುತ್ತೆ. ಪರೀಕ್ಷೇಲಿ ಟ್ರಯಲ್ ಬ್ಯಾಲೆನ್ಸ್ ಹತ್ತು ರೂಪಾಯಿ ಟ್ಯಾಲಿ ಆಗಿಲ್ಲ ಅಂದ್ರೆ ಅರ್ಧ ಗಂಟೆ ಹುಡುಕ್ತೀವಿ. ಆದ್ರೆ ನಮ್ಮದೇ ಜೇಬಿಂದ ಎರಡು ಸಾವಿರ ಹೋದಾಗ "ಲಾಸ್ ಆಯ್ತು ಮಗಾ" ಅಂತ ಹೇಳಿ ಸುಮ್ನಾಗ್ತೀವಿ. ಆ ಲಾಸ್ ಯಾರ ಪುಸ್ತಕದಲ್ಲಿ ಇನ್‌ಕಮ್ ಅಂತ ಬರೀತು? ಇಪ್ಪತ್ತರಲ್ಲಿ ಕಲೀಬೇಕಾದ ಹಣದ ಪಾಠ ಈ ಒಂದು ಪ್ರಶ್ನೆ ಅಂತ ನನ್ನ ವಾದ. ರೀಲ್‌ಗಳು ಇದನ್ನ ಯಾಕೆ ಹೇಳಲ್ಲ ಅಂದ್ರೆ, ಹೇಳಿದ್ರೆ ಉತ್ತರದಲ್ಲಿ ಅವರ ಹೆಸರೇ ಬರುತ್ತೆ.

(2/7)

ಮೊದಲು ಕಾಫಿ ವಿಷಯ ಮುಗಿಸಿಬಿಡೋಣ.

"ತಿಂಗಳಿಗೆ ಬರೀ ಸಾವಿರ ಉಳಿಸಿ, ಅರವತ್ತಕ್ಕೆ ಕೋಟ್ಯಧಿಪತಿ." ಲೆಕ್ಕ ಸುಳ್ಳಲ್ಲ. ತಿಂಗಳಿಗೆ 1,000 ರೂಪಾಯಿ, ವರ್ಷಕ್ಕೆ ಶೇ 12 ಬೆಳವಣಿಗೆ, 40 ವರ್ಷ ಅಂತ ಕ್ಯಾಲ್ಕುಲೇಟರ್‌ಗೆ ಹಾಕಿದ್ರೆ ಸುಮಾರು 1.18 ಕೋಟಿ ಬರುತ್ತೆ. ಈಗ ರೀಲ್‌ನಲ್ಲಿ ಕಟ್ ಮಾಡಿರೋ ಅರ್ಧ ಲೆಕ್ಕ ನಾವು ಮಾಡೋಣ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದ್ರೆ 40 ವರ್ಷದಲ್ಲಿ ಇವತ್ತಿನ ಒಂದು ರೂಪಾಯಿ ಸಾಮಾನಿಗೆ ಹತ್ತು ರೂಪಾಯಿಗಿಂತ ಸ್ವಲ್ಪ ಜಾಸ್ತಿ ಆಗಿರುತ್ತೆ. ಅಂದ್ರೆ ಆ ಕೋಟಿಗೆ ಇವತ್ತಿನ ಬೆಲೆ ಸುಮಾರು ಹನ್ನೊಂದೂವರೆ ಲಕ್ಷ. ಒಳ್ಳೇ ದುಡ್ಡೇ. ಬಿಡೋಕೆ ನಾನೇನು ಹೇಳ್ತಿಲ್ಲ. ಆದ್ರೆ ಹನ್ನೊಂದೂವರೆ ಲಕ್ಷಕ್ಕೆ ಯಾರೂ ಕೋಟ್ಯಧಿಪತಿ ಅನ್ನಲ್ಲ. ಶೇ 12 ಅನ್ನೋದನ್ನೂ ಯಾರೂ ಬರೆದುಕೊಟ್ಟಿಲ್ಲ, ಅದು ಊಹೆ.

"ಹಾಗಾದ್ರೆ ಇನ್ವೆಸ್ಟ್ ಮಾಡ್ಲೇಬಾರದಾ?" ಅಂತ ಕಾಮೆಂಟ್ ಹಾಕೋಕೆ ಕೈ ಹೋಗಿರೋರಿಗೆ: ಮಾಡಿ. ಆದ್ರೆ ಮಾಡೋವಾಗ ಒಂದು ಪದ ಓದಿ. ಒಂದೇ ಮ್ಯೂಚುವಲ್ ಫಂಡ್‌ಗೆ ಎರಡು ಬಾಗಿಲಿದೆ, ರೆಗ್ಯುಲರ್ ಮತ್ತು ಡೈರೆಕ್ಟ್. 2013ರ ಜನವರಿಯಿಂದ ಡೈರೆಕ್ಟ್ ಪ್ಲಾನ್ ಎಲ್ಲ ಫಂಡ್‌ನವರೂ ಕೊಡಲೇಬೇಕು. ರೆಗ್ಯುಲರ್‌ನಲ್ಲಿ ನಿಮ್ಮನ್ನ ಸೇರಿಸಿದವರಿಗೆ ನೀವು ಇರೋವರೆಗೂ ಕಮಿಷನ್ ಹೋಗ್ತಾ ಇರುತ್ತೆ. ನಿಮ್ಮ ದುಡ್ಡಲ್ಲೇ. ಸಲಹೆ ಚೆನ್ನಾಗಿದ್ರೆ ಕೊಡಿ, ತಪ್ಪೇನಿಲ್ಲ, ಅವರೂ ಬದುಕಬೇಕು. ಆದ್ರೆ ಕೊಡ್ತಿದ್ದೀವಿ ಅಂತ ಗೊತ್ತಿರಬೇಕು ತಾನೇ?

ಇನ್ನು ಬೈಟು ಕಾಫಿ. ಹಾಸ್ಟೆಲ್ ಮೆಸ್ ಸಾಂಬಾರು ತಿಂದು ಸಂಜೆ ಐದಕ್ಕೆ ಫ್ರೆಂಡ್ ಜೊತೆ ಕುಡಿಯೋ ಅರ್ಧ ಲೋಟ ಕಾಫಿಯಿಂದ ಯಾರೂ ಬಡವರಾಗಿಲ್ಲ. ಕುಡೀರಿ.

(3/7)

ಈಗ ದೊಡ್ಡ ವಿಷಯ. ಆಪ್ಷನ್ಸ್.

ಗುರುವಾರ ಕ್ಲಾಸಲ್ಲಿ ಕೊನೇ ಬೆಂಚು ನೋಡಿ. ಡೆಸ್ಕ್ ಕೆಳಗೆ ಫೋನು, ಫೋನಲ್ಲಿ ಕೆಂಪು ಹಸಿರು ಕ್ಯಾಂಡಲ್. ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಜಮಾ ಆದ ವಾರದಲ್ಲಂತೂ ಕೇಳೋದೇ ಬೇಡ. ಲಾಭ ಬಂದ ದಿನ ಸ್ಕ್ರೀನ್‌ಶಾಟ್ ಸ್ಟೇಟಸ್‌ಗೆ ಹೋಗುತ್ತೆ. ಉಳಿದ ದಿನ ಸ್ಟೇಟಸ್‌ನಲ್ಲಿ ಭಾವಗೀತೆ.

ಇದು ನನ್ನ ಅಸೂಯೆ ಅನ್ನೋರಿಗೆ ಮಾರುಕಟ್ಟೆ ನಿಯಂತ್ರಕ ಸೆಬಿಯೇ 2024ರ ಸೆಪ್ಟೆಂಬರ್‌ನಲ್ಲಿ ಹೊರಬಿಟ್ಟ ಅಧ್ಯಯನ ಇದೆ. 2021-22ರಿಂದ 2023-24ರವರೆಗೆ ಮೂರು ವರ್ಷ, ಫ್ಯೂಚರ್ಸ್ ಅಂಡ್ ಆಪ್ಷನ್ಸ್‌ಗೆ ಇಳಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ ಶೇ 93ರಷ್ಟು ಜನ ಕಳ್ಕೊಂಡಿದ್ದಾರೆ. ಕಳ್ಕೊಂಡವರ ಸರಾಸರಿ ತಲಾ ಸುಮಾರು 2 ಲಕ್ಷ. ಎಲ್ಲ ಸೇರಿ 1.8 ಲಕ್ಷ ಕೋಟಿ ರೂಪಾಯಿ. ಖರ್ಚೆಲ್ಲ ಕಳೆದು ಒಂದು ಲಕ್ಷಕ್ಕಿಂತ ಜಾಸ್ತಿ ಲಾಭ ಮಾಡಿದವರು ನೂರಕ್ಕೆ ಒಬ್ಬರು. ಅದರಲ್ಲೂ 30 ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ ಶೇ 43ಕ್ಕೆ ಏರಿದೆ. ಅಂದ್ರೆ ನಾವು. ನಮ್ಮ ಅಣ್ಣಂದಿರು, ನಾವು.

ಸರಿ, ಡೆಬಿಟ್ ಸಿಕ್ತು. ಕ್ರೆಡಿಟ್ ಎಲ್ಲಿ?

ಅದೂ ಅದೇ ವರದಿಯಲ್ಲಿದೆ. ಈ ಭಾಗ ಓದಿದಾಗ ನಾನು ಎರಡು ಸಲ ಕೂಡಿಸಿ ನೋಡ್ದೆ. 2023-24ರಲ್ಲಿ ವಹಿವಾಟಿನ ಖರ್ಚು ಸೇರಿಸೋದಕ್ಕೆ ಮುಂಚೆ ನಮ್ಮಂಥ ಸಾಮಾನ್ಯರ ಗುಂಪು ಕಳ್ಕೊಂಡಿದ್ದು 61 ಸಾವಿರ ಕೋಟಿ. ತಮ್ಮದೇ ದುಡ್ಡಲ್ಲಿ ಟ್ರೇಡ್ ಮಾಡೋ ಸಂಸ್ಥೆಗಳು ಗಳಿಸಿದ್ದು 33 ಸಾವಿರ ಕೋಟಿ. ವಿದೇಶಿ ಹೂಡಿಕೆದಾರರು ಗಳಿಸಿದ್ದು 28 ಸಾವಿರ ಕೋಟಿ. ಕೂಡಿಸಿ. ನಮ್ಮ ಮೇಡಂ ನೋಡಿದ್ರೆ ಫುಲ್ ಮಾರ್ಕ್ಸ್ ಕೊಡ್ತಾರೆ, ಅಷ್ಟು ನೀಟಾಗಿ ಟ್ಯಾಲಿ ಆಗಿದೆ. ಆ ಎರಡೂ ಗುಂಪಿನ ಲಾಭದಲ್ಲಿ ಶೇ 95ಕ್ಕಿಂತ ಜಾಸ್ತಿ ಬಂದಿದ್ದು ಕಂಪ್ಯೂಟರ್ ಆಲ್ಗೊರಿದಮ್‌ನಿಂದ. ಯಾರ ವಿರುದ್ಧ ಆಡ್ತಿದ್ದೀವಿ ಅಂತ ಗೊತ್ತಾಯ್ತಾ? ಆ ಕಡೆ ಸರ್ವರ್ ರೂಮು, ಈ ಕಡೆ ಕಾಸ್ಟ್ ಅಕೌಂಟಿಂಗ್ ಕ್ಲಾಸಲ್ಲಿ ಡೆಸ್ಕ್ ಕೆಳಗೆ ಹಿಡ್ಕೊಂಡ ಫೋನು, ಅದೂ ಶೇ 14 ಬ್ಯಾಟರಿ.

ಷೇರು ಕೊಂಡು ಇಟ್ಕೊಳ್ಳೋದು ಬೇರೆ. ಕಂಪನಿ ಬೆಳೆದ್ರೆ ಕೊಂಡವರು ಮಾರಿದವರು ಇಬ್ಬರಿಗೂ ಒಳ್ಳೇದಾಗಬಹುದು. ಆಪ್ಷನ್‌ನಲ್ಲಿ ಹಾಗಿಲ್ಲ. ನೀವು ಕೊಟ್ಟ ಪ್ರೀಮಿಯಂ ಎದುರಿನವನಿಗೆ ಹೋಗಿರುತ್ತೆ, ಅವನು ಸೋತ್ರೆ ಮಾತ್ರ ನೀವು ಗೆಲ್ತೀರಿ. ಇಬ್ಬರಲ್ಲಿ ಯಾರು ಗೆದ್ರೂ ಬ್ರೋಕರೇಜು, ಎಕ್ಸ್‌ಚೇಂಜ್ ಶುಲ್ಕ, ಎಸ್‌ಟಿಟಿ, ಜಿಎಸ್‌ಟಿ ಕಟ್ ಆಗ್ತಾ ಇರುತ್ತೆ. ಆ ಮೂರು ವರ್ಷದಲ್ಲಿ ಸಾಮಾನ್ಯ ಟ್ರೇಡರ್‌ಗಳು ಬರೀ ಇಂಥ ಖರ್ಚಿಗೇ ಕೊಟ್ಟಿದ್ದು ಸುಮಾರು 50 ಸಾವಿರ ಕೋಟಿ, ಅದರಲ್ಲಿ ಅರ್ಧ ಬ್ರೋಕರ್‌ಗಳಿಗೆ. ಜಾತ್ರೇಲಿ ಯಾರ ಗಾಡಿ ಗೆದ್ರೂ ಮಂಡಕ್ಕಿ ಅಂಗಡಿಯವನಿಗೆ ವ್ಯಾಪಾರ.

ಆಮೇಲೆ ಕಾಂಟ್ರಾಕ್ಟ್ ಸೈಜ್ ದೊಡ್ಡದು ಮಾಡಿದ್ರು, ವಾರದ ಎಕ್ಸ್‌ಪೈರಿಗಳನ್ನ ಕಡಿಮೆ ಮಾಡಿದ್ರು. 2024-25ಕ್ಕೆ ಸೆಬಿ ಮತ್ತೆ ಲೆಕ್ಕ ಹಾಕಿದಾಗ ಕಳ್ಕೊಂಡವರು ಶೇ 91. ಮೊತ್ತ ಒಂದು ಲಕ್ಷ ಕೋಟಿ ದಾಟಿದೆ, ಅದೂ ಒಂದೇ ವರ್ಷಕ್ಕೆ. "ನಾನು ಸ್ಟಾಪ್ ಲಾಸ್ ಹಾಕ್ತೀನಿ, ನಂದು ಬೇರೆ" ಅಂತೀರಾ? ಆ ಶೇ 91ರಲ್ಲಿ ಎಷ್ಟು ಜನ ಹಾಗಂದ್ಕೊಂಡಿದ್ರೋ ನೋಡಿ.

(4/7)

ಕೋರ್ಸ್ ಮಾರೋರ ಬಗ್ಗೆ ಜಾಸ್ತಿ ಹೇಳಲ್ಲ, ಒಂದು ಉದಾಹರಣೆ ಸಾಕು. ಬಾಪ್ ಆಫ್ ಚಾರ್ಟ್ ಅನ್ನೋ ಹೆಸರಲ್ಲಿ ಆಪ್ಷನ್ಸ್ ಪಾಠ ಮಾರ್ತಿದ್ದವರ ಮೇಲೆ ಸೆಬಿ 2023ರ ಅಕ್ಟೋಬರ್‌ನಲ್ಲಿ ಮಧ್ಯಂತರ ಆದೇಶ ಹೊರಡಿಸಿತು. ನೋಂದಣಿ ಇಲ್ಲದೆ ಸಲಹೆ ಕೊಟ್ಟು ಸಂಗ್ರಹಿಸಿದ್ದು ಅಂತ 17.2 ಕೋಟಿ ರೂಪಾಯಿಯನ್ನ ಬೇರೆ ಖಾತೆಯಲ್ಲಿ ಇಡೋಕೆ ಹೇಳ್ತು. ಅದೇ ಆದೇಶದ ಪ್ರಕಾರ, ಎರಡೂವರೆ ವರ್ಷದ ಅವಧಿಯಲ್ಲಿ ಅವರ ಸ್ವಂತ ಟ್ರೇಡಿಂಗ್‌ನಲ್ಲಿ ಆಗಿದ್ದು ಎರಡು ಕೋಟಿಗೂ ಮೀರಿದ ನಷ್ಟ. ಪಾಠ ಹೇಳೋದ್ರಲ್ಲಿ ಗಳಿಕೆ, ಪಾಠ ಪಾಲಿಸೋದ್ರಲ್ಲಿ ನಷ್ಟ.

ನನಗೆ ಅವರಿಗಿಂತ ಕೋಪ ನಮ್ಮ ಸೆಮಿನಾರ್ ಹಾಲ್‌ಗಳ ಮೇಲೆ. "ಫೈನಾನ್ಷಿಯಲ್ ಲಿಟರಸಿ ವರ್ಕ್‌ಶಾಪ್, ಅಟೆಂಡೆನ್ಸ್ ಕಂಪಲ್ಸರಿ" ಅಂತ ಸರ್ಕ್ಯುಲರ್ ಬರುತ್ತೆ. ಹೋದ್ರೆ ಟೀ ಶರ್ಟ್ ಹಾಕ್ಕೊಂಡ ಇಬ್ಬರು, ನಲವತ್ತು ನಿಮಿಷ ಸ್ಲೈಡು, ಕೊನೇ ಇಪ್ಪತ್ತು ನಿಮಿಷ ಎಲ್ಲರೂ ಪ್ಯಾನ್ ಆಧಾರ್ ತೆಗೀರಿ ಡಿಮ್ಯಾಟ್ ಓಪನ್ ಮಾಡೋಣ. ಯಾವ ಕಂಪನಿ ಅಂತ ಹೇಳಲ್ಲ, ಹೆಸರು ಬದಲಾಗ್ತಾ ಇರುತ್ತೆ. ಒಂದು ಅಕೌಂಟ್‌ಗೆ ಅವರಿಗೆಷ್ಟು ಸಿಗುತ್ತೆ ಅಂತ ಆ ಹಾಲ್‌ನಲ್ಲಿ ಯಾರೂ ಕೇಳಲ್ಲ. ಸರ್ಟಿಫಿಕೇಟ್ ಕೊಡ್ತಾರಲ್ಲ, ಸಾಕು ನಮಗೆ.

ಕಾಲೇಜಿನವರಿಗೆ ಒಂದೇ ಬೇಡಿಕೆ. ವೇದಿಕೆ ಹತ್ತೋ ಪ್ರತಿಯೊಬ್ಬರೂ ಮೊದಲ ಸ್ಲೈಡ್‌ನಲ್ಲಿ "ಇವತ್ತು ಇಲ್ಲಿಗೆ ಬಂದಿದ್ದಕ್ಕೆ ನನಗೆ ದುಡ್ಡು ಎಲ್ಲಿಂದ ಬರುತ್ತೆ" ಅಂತ ಬರೀಲಿ. ಅಷ್ಟೇ. ಆಮೇಲೆ ಏನು ಬೇಕಾದ್ರೂ ಹೇಳ್ಲಿ, ಕೇಳ್ತೀವಿ.

(5/7)

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ದೊಡ್ಡವರು. ಅವರ ಕಾಲಕ್ಕೆ ಸರಿ. ಈಗ ಹಾಸಿಗೆಯನ್ನೇ ಆರು ತಿಂಗಳ ಇಎಂಐ ಮೇಲೆ ಕೊಡ್ತಾರೆ, ಕಾಲು ಚಾಚದೆ ಇದ್ರೆ ನೋಟಿಫಿಕೇಶನ್ ಬರುತ್ತೆ.

ಸಾಲದ ಆ್ಯಪ್‌ನಿಂದ ಶುರು ಮಾಡೋಣ. ಲೆಕ್ಕಕ್ಕೆ ಅಂತ ಇಟ್ಕೊಳ್ಳಿ: 5,000 ಸಾಲ, 30 ದಿನ, "ಬಡ್ಡಿ ತಿಂಗಳಿಗೆ ಬರೀ ಶೇ 2". ಪ್ರೊಸೆಸಿಂಗ್ ಫೀ 750, ಅದರ ಮೇಲೆ ಜಿಎಸ್‌ಟಿ 135, ಮೊದಲೇ ಹಿಡ್ಕೊಂಡು ಕೈಗೆ ಕೊಡೋದು 4,115. ತಿಂಗಳಾದ ಮೇಲೆ ಕಟ್ಟೋದು 5,100. ಅಂದ್ರೆ 4,115ಕ್ಕೆ 985 ರೂಪಾಯಿ. ತಿಂಗಳಿಗೆ ಶೇ 24ರ ಹತ್ತಿರ, ವರ್ಷದ ಲೆಕ್ಕಕ್ಕೆ ಶೇ 280ಕ್ಕೂ ಮೇಲೆ. ನಮ್ಮೂರ ಮೀಟರ್ ಬಡ್ಡಿಯವರು ಇದನ್ನ ನೋಡಿದ್ರೆ ಕೈ ಮುಗೀತಾರೆ.

ಈ ಒಟ್ಟು ದರಕ್ಕೆ ಎಪಿಆರ್ ಅಂತಾರೆ. ಫೀಸು, ಚಾರ್ಜು ಎಲ್ಲ ಒಳಗೆ ಸೇರಿಸಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತೆ ಅನ್ನೋ ಸಂಖ್ಯೆ. ಸಾಲ ಕೊಡೋ ಮುಂಚೆ ಇದನ್ನ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನೋ ಹಾಳೇಲಿ ಬರೆದು ಕೊಡಬೇಕು ಅಂತ ಆರ್‌ಬಿಐ ನಿಯಮ. ಡಿಜಿಟಲ್ ಸಾಲಕ್ಕೆ 2022ರಲ್ಲೇ ಬಂತು. ಅದೇ ನಿಯಮಗಳ ಇನ್ನೆರಡು ಮಾತು ನಿಮ್ಮ ಅಣ್ಣತಮ್ಮಂದಿರಿಗೂ ಹೇಳಿ. ಒಂದು, ಸಾಲದ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್, ಕಾಲ್ ಲಾಗ್, ಗ್ಯಾಲರಿ ಮುಟ್ಟೋ ಹಾಗಿಲ್ಲ. "ಅಲೋ ಮಾಡಿ" ಅಂತ ಕೇಳಿದ ಕೂಡಲೇ ಅದು ಎಂಥ ಆ್ಯಪ್ ಅಂತ ಅರ್ಥ ಮಾಡ್ಕೊಳ್ಳಿ. ನಾಳೆ ಕಂತು ತಪ್ಪಿದ್ರೆ ಸೋದರಮಾವನಿಗೆ ಫೋನ್ ಹೋಗೋದು ಅಲ್ಲಿಂದಲೇ. ಎರಡು, ಸಾಲ ತಗೊಂಡ ಮೇಲೂ ಮನಸ್ಸು ಬದಲಾಯಿಸೋಕೆ ಕೂಲಿಂಗ್ ಆಫ್ ಅಂತ ಒಂದು ಅವಧಿ ಇರುತ್ತೆ. ಅಷ್ಟರೊಳಗೆ ಅಸಲು, ಅಷ್ಟು ದಿನದ ಖರ್ಚು ಕೊಟ್ಟು ದಂಡ ಇಲ್ಲದೆ ಹೊರಗೆ ಬರಬಹುದು. ಆ್ಯಪ್ ಅಸಲಿಯೋ ನಕಲಿಯೋ ನೋಡೋಕೆ 2025ರ ಜುಲೈಯಿಂದ ಆರ್‌ಬಿಐ ವೆಬ್‌ಸೈಟ್‌ನಲ್ಲೇ ಪಟ್ಟಿ ಇದೆ.

ಆಮೇಲೆ ಕ್ರೆಡಿಟ್ ಕಾರ್ಡ್. ಕ್ಯಾಂಪಸ್ ಪ್ಲೇಸ್‌ಮೆಂಟ್ ಆದ ಮೊದಲ ಸಂಬಳಕ್ಕೇ "ಲೈಫ್‌ಟೈಮ್ ಫ್ರೀ ಸರ್" ಅಂತ ಫೋನ್ ಬರುತ್ತೆ, ತಯಾರಾಗಿರಿ. ಬಿಲ್ ಪೂರ್ತಿ ಕಟ್ಟೋರಿಗೆ ಕಾರ್ಡ್ ಒಳ್ಳೇದು. ಆದ್ರೆ ಬಿಲ್ ಮೇಲೆ ದಪ್ಪಕ್ಷರದಲ್ಲಿ ಮಿನಿಮಮ್ ಡ್ಯೂ ಅಂತ ಒಂದು ಸಣ್ಣ ಮೊತ್ತ ಇರುತ್ತೆ ನೋಡಿ, ಅದು ನಯವಾದ ಬಲೆ. 20,000 ಬಾಕಿ, ಮಿನಿಮಮ್ 1,000 ಅಂದ್ಕೊಳ್ಳಿ. ಹಲವು ಕಾರ್ಡ್‌ಗಳಲ್ಲಿ ಬಡ್ಡಿ ತಿಂಗಳಿಗೆ ಶೇ 3.5ರ ಆಸುಪಾಸು. 700 ಬಡ್ಡಿ, ಅದಕ್ಕೆ ಶೇ 18 ಜಿಎಸ್‌ಟಿ 126. ನೀವು ಕಟ್ಟಿದ ಸಾವಿರದಲ್ಲಿ ಸಾಲ ಕರಗಿದ್ದು 174 ರೂಪಾಯಿ. ಮೇಲಿಂದ ಹೊಸದಾಗಿ ಏನು ಕೊಂಡ್ರೂ ಅವತ್ತಿಂದಲೇ ಬಡ್ಡಿ. ಕಾನೂನು ಕಾಪಾಡುತ್ತೆ ಅಂತ ಕೂರಬೇಡಿ. ಶೇ 30ಕ್ಕಿಂತ ಜಾಸ್ತಿ ವಸೂಲಿ ತಪ್ಪು ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು, ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆ ಆದೇಶವನ್ನ ರದ್ದು ಮಾಡಿದೆ.

ನೋ ಕಾಸ್ಟ್ ಇಎಂಐ ಬಗ್ಗೆ ಬೇರೆ ಹೇಳಬೇಕಾ? ಶೂನ್ಯ ಬಡ್ಡಿ ಅನ್ನೋದೇ ಇಲ್ಲ ಅಂತ ಆರ್‌ಬಿಐ 2013ರಲ್ಲೇ ಬ್ಯಾಂಕ್‌ಗಳಿಗೆ ಹೇಳಿದೆ. ಬಡ್ಡಿಯನ್ನ "ಡಿಸ್ಕೌಂಟ್" ಅಂತ ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ತಗೋತಾರೆ. ಆ ಬಡ್ಡಿ ಮೇಲಿನ ಜಿಎಸ್‌ಟಿ, ಪ್ರೊಸೆಸಿಂಗ್ ಫೀ ನಿಮ್ಮ ತಲೆಗೆ. ಒಂದೇ ಸಲ ಕಟ್ಟೋರಿಗೆ ಸಿಗೋ ರಿಯಾಯಿತಿ ನಿಮಗೆ ಸಿಗದೇ ಇರಬಹುದು. ಬಿಲ್ ಹಾಕೋ ಮುಂಚೆ ಅಂಗಡಿಯವನಿಗೆ "ಪೂರ್ತಿ ಈಗಲೇ ಕೊಟ್ರೆ ಎಷ್ಟು ಅಣ್ಣ?" ಅಂತ ಕೇಳಿ. ಅವನ ಮುಖ ನೋಡಿ.

(6/7)

ಈ ರೀಲ್‌ನವರು ಇನ್ನೊಂದು ಕೆಲಸ ಮಾಡ್ತಾರೆ, ಅದು ನನಗೆ ಮೈ ಉರಿಸುತ್ತೆ. ನಮ್ಮ ಅಮ್ಮಂದಿರ ಚೀಟಿ ಬಗ್ಗೆ ನಗ್ತಾರೆ. "ನಿಮ್ಮ ಪೇರೆಂಟ್ಸ್ ಮಾಡಿದ ತಪ್ಪು ಮಾಡಬೇಡಿ."

ಚೀಟಿ ಹೇಗೆ ನಡೆಯುತ್ತೆ ಅಂತ ಯಾವತ್ತಾದ್ರೂ ಕೂತು ನೋಡಿದ್ದೀರಾ? 20 ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ. ಮಗಳ ಫೀಸಿಗೆ ಅರ್ಜೆಂಟಾಗಿ ಬೇಕಾದವರು 80,000ಕ್ಕೆ ಕೂಗಿ ಎತ್ಕೊಂಡ್ರು ಅಂದ್ಕೊಳ್ಳಿ. ಬಿಟ್ಟ 20,000ದಲ್ಲಿ ನಡೆಸೋರ ಕಮಿಷನ್ 5,000. ಉಳಿದ 15,000 ಇಪ್ಪತ್ತು ಜನಕ್ಕೆ ತಲಾ 750. ಎಲ್ಲ ಎಲ್ಲರ ಕಣ್ಣೆದುರು. ಯಾರು ಎಷ್ಟು ಬಿಟ್ರು, ಯಾರಿಗೆ ಎಷ್ಟು ಹೋಯ್ತು ಅಂತ ಆರನೇ ಕ್ಲಾಸ್ ಓದಿದ ನಮ್ಮ ಪಕ್ಕದ ಮನೆ ಆಂಟಿ ಬಾಯಲ್ಲೇ ಹೇಳ್ತಾರೆ. ನಿಮ್ಮ ಪೇ ಲೇಟರ್ ಆ್ಯಪ್ ಬಗ್ಗೆ ನೀವು ಹಾಗೆ ಹೇಳಿ ನೋಡೋಣ. 1982ರಿಂದ ಇದಕ್ಕೊಂದು ಕೇಂದ್ರ ಕಾಯ್ದೆ ಇದೆ, ನಡೆಸೋರ ಕಮಿಷನ್‌ಗೆ ಮಿತಿ ಇದೆ, 2019ರ ತಿದ್ದುಪಡಿ ಆದ ಮೇಲೆ ಅದು ಶೇ 7. ನಮ್ಮ ರಾಜ್ಯ ಸರ್ಕಾರದ ಎಂಎಸ್‌ಐಎಲ್ಲೇ ಚೀಟಿ ನಡೆಸುತ್ತೆ.

ಚೀಟಿ ಎತ್ಕೊಂಡು ಊರು ಬಿಟ್ಟೋರ ಕಥೆ ನನಗೂ ಗೊತ್ತು, ಪ್ರತಿ ಬೀದಿಗೂ ಒಂದಿದೆ. ನೋಂದಣಿ ಇಲ್ಲದ ಚೀಟಿಗೆ ಹಾಕಬೇಡಿ ಅಂತ ಅಮ್ಮನಿಗೆ ಹೇಳಿ, ಜಗಳ ಆದ್ರೂ ಹೇಳಿ. ಆದ್ರೆ ನಗೋ ಹಕ್ಕು ಬಯೋದಲ್ಲಿ ಲಿಂಕ್ ಇಟ್ಕೊಂಡವರಿಗಿಲ್ಲ.

ಪಾಲಿಸಿ ಮಾರೋ ಅಂಕಲ್‌ಗೂ ಇದೇ ಪ್ರಶ್ನೆ ಕೇಳಬೇಕು, ಅವರು ನಮ್ಮ ಸಂಬಂಧಿಕರೇ ಆಗಿರ್ತಾರೆ, ಕೇಳೋಕೆ ಮುಜುಗರ. ಮೊದಲ ವರ್ಷದ ಪ್ರೀಮಿಯಂನಲ್ಲಿ ಅವರಿಗೆಷ್ಟು ಅಂತ ಕೇಳಿ. "ಡಬಲ್ ಆಗುತ್ತೆ" ಅಂದ್ರೆ ಎಷ್ಟು ವರ್ಷಕ್ಕೆ ಅಂತ ಕೇಳಿ, ಇಪ್ಪತ್ತು ಅಂದ್ರೆ ವರ್ಷಕ್ಕೆ ಎಷ್ಟು ಪರ್ಸೆಂಟ್ ಅಂತ ನೀವೇ ಲೆಕ್ಕ ಹಾಕಿ. ಮುಜುಗರಕ್ಕೆ ಸೈನ್ ಹಾಕಿಬಿಟ್ಟಿದ್ರೂ, ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಕೊಡಬಹುದು.

(7/7)

ಕೊನೇ ಪೋಸ್ಟ್. ನಿಜ ಹೇಳಬೇಕಂದ್ರೆ ಇದನ್ನ ಬರೆಯೋಕೆ ಅಂತಲೇ ಉಳಿದ ಆರು ಶುರು ಮಾಡಿದ್ದು.

ಇಲ್ಲಿವರೆಗೆ ನಮ್ಮ ಖಾತೆಯಿಂದ ದುಡ್ಡು ಹೋಗೋದರ ಮಾತು. ಈಗ ಕಾಲೇಜು ಗೇಟ್‌ಗಳ ಹತ್ತಿರ ಖಾತೆಯನ್ನೇ ಕೇಳ್ತಿದ್ದಾರೆ. "ನಿನ್ನ ಹೆಸರಲ್ಲೊಂದು ಅಕೌಂಟ್ ಓಪನ್ ಮಾಡು, ಎಟಿಎಂ ಕಾರ್ಡು, ಸಿಮ್ಮು ನಮಗೆ ಕೊಡು, ಕೆಲವು ಸಾವಿರ ಕೊಡ್ತೀವಿ. ಬಿಸಿನೆಸ್ ಟ್ಯಾಕ್ಸ್ ಉಳಿಸೋಕೆ ಅಷ್ಟೇ." ಕೇಳೋರು ಅಪರಿಚಿತರಾಗಿರಲ್ಲ. ಸೀನಿಯರ್, ಪಿಜಿ ರೂಂಮೇಟ್‌ನ ಫ್ರೆಂಡ್, ಜಿಮ್‌ನಲ್ಲಿ ಸಿಗೋ ಅಣ್ಣ.

ಇದಕ್ಕೆ ಮ್ಯೂಲ್ ಅಕೌಂಟ್ ಅಂತಾರೆ. ಡಿಜಿಟಲ್ ಅರೆಸ್ಟ್ ಅಂತ ಯಾರನ್ನೋ ಹೆದರಿಸಿ, ಪಾರ್ಟ್ ಟೈಮ್ ಕೆಲಸ ಅಂತ ಯಾರಿಗೋ ಟೋಪಿ ಹಾಕಿ ಕಿತ್ತ ದುಡ್ಡು ಮೊದಲು ಬಂದು ಬೀಳೋದು ಇಂಥ ಖಾತೆಗೆ. ಹತ್ತು ನಿಮಿಷದಲ್ಲಿ ಅಲ್ಲಿಂದ ಮುಂದಕ್ಕೆ ಹೋಗಿರುತ್ತೆ. ಯಾವುದೋ ರಿಟೈರ್ಡ್ ಮೇಷ್ಟ್ರ ಜೀವಮಾನದ ಉಳಿತಾಯದ ಡೆಬಿಟ್‌ಗೆ, ಕ್ರೆಡಿಟ್ ಕಡೆ ನಿಮ್ಮ ಹೆಸರು, ನಿಮ್ಮ ಆಧಾರ್, ನಿಮ್ಮ ಪ್ಯಾನ್. ನಿಜವಾಗಿ ತಿಂದವನು ಪುಸ್ತಕದಲ್ಲೇ ಇಲ್ಲ. ದೂರು ದಾಖಲಾದ್ರೆ ಪೊಲೀಸರು ಮೊದಲು ಬಾಗಿಲು ತಟ್ಟೋದು ನಿಮ್ಮನೇದು. ಖಾತೆ ಫ್ರೀಜ್ ಆಗುತ್ತೆ, ಕೇಸ್ ಬೀಳುತ್ತೆ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಇರೋ ಕೆಲಸ ಅಂದ್ರೆ ಮುಗೀತು. "ನನಗೆ ಗೊತ್ತಿರಲಿಲ್ಲ" ಅಂತ ಠಾಣೇಲಿ ಹೇಳಬಹುದು, ಕೆಲವು ಸಾವಿರ ತಗೊಂಡಿದ್ದು ಯಾಕೆ ಅಂತ ವಾಪಸ್ ಕೇಳ್ತಾರೆ.

ಸಿಕ್ಕಿಬೀಳಲ್ಲ ಅನ್ನೋರಿಗೆ ಒಂದು ಮಾಹಿತಿ. ಇಂಥ ಖಾತೆ ಹುಡುಕೋಕೆಂದೇ ಮ್ಯೂಲ್‌ಹಂಟರ್ ಅನ್ನೋ ಎಐ ಟೂಲ್ ತಯಾರಾಗಿದೆ. ಮಾಡಿದ್ದು ಆರ್‌ಬಿಐ ಇನ್ನೋವೇಶನ್ ಹಬ್, ಅದು ಇರೋದು ನಮ್ಮ ಬೆಂಗಳೂರಲ್ಲೇ.

ನಿಮ್ಮ ದುಡ್ಡನ್ನ ಯಾರಾದ್ರೂ ಹೊಡೆದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಬೇಗ ಮಾಡಿದಷ್ಟೂ ಮುಂದಿನ ಖಾತೆಗೆ ಹೋಗೋದಕ್ಕೆ ಮುಂಚೆ ತಡೆಯೋ ಸಾಧ್ಯತೆ ಜಾಸ್ತಿ. ನೀವೇ ಖಾತೆ ಕೊಟ್ಟಿದ್ದೀರಾ? ಕೊಟ್ಟವರಿಗೆ ಮೆಸೇಜ್ ಹಾಕ್ತಾ ಕೂರಬೇಡಿ. ಬ್ಯಾಂಕ್‌ನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ, ಆಮೇಲೆ ಬ್ರಾಂಚ್‌ಗೆ ಹೋಗಿ ನಡೆದದ್ದನ್ನ ಬರೆದುಕೊಟ್ಟು, ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬನ್ನಿ. ಆ ಸಿಮ್ ನಿಮ್ಮ ಹೆಸರಲ್ಲಿದ್ರೆ ಅದನ್ನೂ ಬಂದ್ ಮಾಡಿಸಿ. ಮನೇಲಿ ಹೇಳೋಕೆ ಭಯ ಆದ್ರೆ ಡಿಎಂ ಮಾಡಿ. ಬ್ರಾಂಚ್‌ವರೆಗೂ ಜೊತೆಗೆ ಬರ್ತೀನಿ, ಇಂಟರ್ನಲ್ಸ್ ಇದ್ರೂ ಪರವಾಗಿಲ್ಲ.